‘ಓದಿದ’ ಯಾವ ಜಾತಿಯ ಪದ? ವಾಕ್ಯವನ್ನು ಕೊನೆಯಿಂದ ಬಿಡಿಸುವ ಬಗೆ

ಪ್ರಶ್ನೆ: ಇಂಗ್ಲಿಷ್ ತರಗತಿಯಲ್ಲಿ ಎಂಟು ಪದವರ್ಗ ಕಲಿತೆ. ಕನ್ನಡದ ತರಗತಿಯಲ್ಲಿ ನಾಮಪದ, ಕ್ರಿಯಾಪದ, ಅವ್ಯಯ ಅಂತ ಬೇರೆಯೇ ಲೆಕ್ಕ. ‘ಓದಿದ’, ‘ಮೇಲೆ’, ‘ಚೆನ್ನಾಗಿ’, ‘ಬೇಕು’ ಇಂಥವನ್ನು ಯಾವ ಗುಂಪಿಗೆ ಸೇರಿಸಬೇಕೋ ಈಗಲೂ ತಿಳಿಯದು. ಉದ್ದ ವಾಕ್ಯ ಬರೆದರೆ ಎಲ್ಲೋ ಎಡವಿದ್ದೇನೆ ಅನ್ನಿಸುತ್ತದೆ, ಎಲ್ಲಿ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ನಾನು ಬರೆದ ಎರಡು ವಾಕ್ಯ ಇಲ್ಲಿವೆ. ತಪ್ಪು ಹುಡುಕುವ ಬಗೆ ಹೇಗೆ?

(1) ನಿನ್ನೆ ಸಂಜೆ ಮಳೆಯಲ್ಲಿ ನೆನೆದು ಬಂದ ಹುಡುಗನಿಗೆ ಅಜ್ಜಿ ಒಲೆಯ ಮುಂದೆ ಕೂರಿಸಿ ಬಿಸಿ ಹಾಲು ಕೊಟ್ಟಳು.
(2) ಸಮಿತಿಯಿಂದ ಪರಿಶೀಲಿಸಲಾದ ಅರ್ಜಿಗಳನ್ನು ವಾಪಸು ಕಳುಹಿಸಲ್ಪಟ್ಟಿದ್ದು, ಅದನ್ನು ಸರಿಪಡಿಸಿ ಮತ್ತೆ ಸಲ್ಲಿಸಬೇಕಾಗಿರುತ್ತದೆ.

ಉತ್ತರ: ನಿಮ್ಮ ಗೊಂದಲಕ್ಕೆ ಕಾರಣ, ಎರಡು ಬೇರೆ ಬೇರೆ ಚೌಕಟ್ಟುಗಳನ್ನು ಒಂದರ ಮೇಲೊಂದು ಇಟ್ಟು ಹೊಂದಿಸಲು ನೋಡುತ್ತಿರುವುದು. ಇಂಗ್ಲಿಷಿನ ಎಂಟು ವರ್ಗಗಳು ಗ್ರೀಕ್ ಮತ್ತು ಲ್ಯಾಟಿನ್ ವ್ಯಾಕರಣದಿಂದ ಇಳಿದು ಬಂದ ಲೆಕ್ಕ. ಕನ್ನಡದ ಲೆಕ್ಕ ಪ್ರತ್ಯಯದ ಮೇಲೆ ನಿಂತಿದೆ. ವಿಭಕ್ತಿ ಪ್ರತ್ಯಯ ಹತ್ತಿದರೆ ನಾಮಪದ, ಧಾತುವಿಗೆ (ಓದು, ಬರು ಇಂಥ ಕ್ರಿಯೆಯ ಮೂಲರೂಪಕ್ಕೆ) ಆಖ್ಯಾತ ಪ್ರತ್ಯಯ, ಅಂದರೆ ‘ಓದಿದಳು’ ಎಂಬಲ್ಲಿನ ‘ಅಳು’ವಿನಂಥದ್ದು, ಹತ್ತಿದರೆ ಕ್ರಿಯಾಪದ, ಲಿಂಗ ವಚನ ವಿಭಕ್ತಿಗಳಿಂದ ರೂಪ ಬದಲಾಗದೆ ಉಳಿದರೆ ಅವ್ಯಯ. 13ನೇ ಶತಮಾನದ ಕೇಶಿರಾಜನ ವ್ಯಾಕರಣ ಗ್ರಂಥ ಶಬ್ದಮಣಿದರ್ಪಣದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂದು ಎಂಟು ಪ್ರಕರಣಗಳಿವೆ (ಅಂದರೆ ಅಧ್ಯಾಯಗಳು). ಎಂಟು ಎಂಬ ಸಂಖ್ಯೆ ಮಾತ್ರ ಎರಡೂ ಕಡೆ ಒಂದೇ. ಗುಣವಾಚಕಕ್ಕಾಗಲಿ ಸರ್ವನಾಮಕ್ಕಾಗಲಿ ಅಲ್ಲಿ ಪ್ರತ್ಯೇಕ ಪ್ರಕರಣ ಇಲ್ಲ, ಏಕೆಂದರೆ ಅವೂ ನಾಮಗಳೇ. ಶಾಲೆಯ ವ್ಯಾಕರಣದಲ್ಲಿ ವಸ್ತುವಾಚಕ, ಗುಣವಾಚಕ, ಸಂಖ್ಯಾವಾಚಕ, ದಿಗ್ವಾಚಕ, ಭಾವನಾಮ, ಸರ್ವನಾಮ ಎಲ್ಲವೂ ನಾಮಪದದ ಕೆಳಗೆ ಬರುವುದು ಇದೇ ಕಾರಣಕ್ಕೆ.

ಹಾಗಾಗಿ ‘ಈ ಪದದ ಅರ್ಥವೇನು’ ಎಂದು ಮೊದಲು ಕೇಳಬೇಡಿ. ‘ಓಟ’ ಎಂಬುದು ಮಾಡುವ ಕೆಲಸ, ಆದ್ದರಿಂದ ಕ್ರಿಯಾಪದ ಎಂದು ಎಷ್ಟೋ ವಿದ್ಯಾರ್ಥಿಗಳು ಬರೆಯುತ್ತಾರೆ. ಓಟವನ್ನು, ಓಟದಿಂದ, ಓಟಕ್ಕೆ ಎಂದು ಅದು ವಿಭಕ್ತಿ ಹತ್ತಿಸಿಕೊಳ್ಳುತ್ತದೆ. ಓಟತ್ತಾನೆ ಎಂದು ಹೇಳಲು ಬರುವುದಿಲ್ಲ. ಅಲ್ಲಿಗೆ ತೀರ್ಮಾನವಾಯಿತು. ಮೊದಲು ಪದದ ಬಾಲ ನೋಡಿ, ಆಮೇಲೆ ಆ ಬಾಲ ಮುಂದಿನ ಯಾವ ಪದಕ್ಕೆ ಕೊಂಡಿ ಹಾಕಿಕೊಂಡಿದೆ ಎಂದು ನೋಡಿ.

ಹಿಂದಿನಿಂದ ಮುಂದಕ್ಕೆ

ಕನ್ನಡ ವಾಕ್ಯದಲ್ಲಿ ಯಜಮಾನ ಕೊನೆಯಲ್ಲಿ ಕೂತಿರುತ್ತಾನೆ. ಆದ್ದರಿಂದ ಬಿಡಿಸುವ ಕೆಲಸ ಕೊನೆಯ ಪದದಿಂದ ಶುರುವಾಗಬೇಕು. ನಿಮ್ಮ ಮೊದಲ ವಾಕ್ಯದ ಕೊನೆಯಲ್ಲಿ ‘ಕೊಟ್ಟಳು’ ಇದೆ. ಕೊಡು ಧಾತು, ಭೂತಕಾಲ, ಕೊನೆಗೆ ‘ಅಳು’. ಈ ‘ಅಳು’ ಒಂದೇ ಸಾಕು: ಕರ್ತೃ (ಕೆಲಸ ಮಾಡಿದವರು) ಪ್ರಥಮ ಪುರುಷ (ಇಂಗ್ಲಿಷಿನ third person), ಸ್ತ್ರೀಲಿಂಗ, ಏಕವಚನ. ವಾಕ್ಯದಲ್ಲಿ ಈ ಮೂರಕ್ಕೂ ಒಪ್ಪುವ ಪದ ‘ಅಜ್ಜಿ’ ಮಾತ್ರ. ಹುಡುಗ ವಾಕ್ಯದಲ್ಲಿ ಮೊದಲು ಬಂದಿದ್ದರೂ ಅವನು ಕರ್ತೃ ಅಲ್ಲ. ಮುಂದೆ ಬಂದದ್ದೇ ಕರ್ತೃ ಎಂದುಕೊಳ್ಳುವ ಅಭ್ಯಾಸ ಬಿಡಿ; ಪ್ರತ್ಯಯಗಳು ಸಂಬಂಧವನ್ನು ಹಿಡಿದಿರುವುದರಿಂದ ಕನ್ನಡದಲ್ಲಿ ಪದಗಳು ಸಾಕಷ್ಟು ಜಾಗ ಬದಲಿಸಬಲ್ಲವು.

ಕರ್ತೃ ಸಿಕ್ಕ ಮೇಲೆ ಅದೇ ಕ್ರಿಯಾಪದಕ್ಕೆ ಏನನ್ನು, ಯಾರಿಗೆ, ಎಲ್ಲಿ, ಯಾವಾಗ ಎಂದು ಕೇಳುತ್ತ ಹೋಗಿ. ಏನನ್ನು ಕೊಟ್ಟಳು? ಹಾಲು. ಯಾರಿಗೆ? ಹುಡುಗನಿಗೆ. ‘ಹಾಲು’ ಪದಕ್ಕೆ ‘ಅನ್ನು’ ಇಲ್ಲ, ಆದರೂ ಅದು ಕರ್ಮವೇ. ಜೀವವಿಲ್ಲದ ವಸ್ತು ಕರ್ಮವಾದಾಗ ಈ ‘ಅನ್ನು’, ಅಂದರೆ ದ್ವಿತೀಯಾ ಪ್ರತ್ಯಯ, ಬಿಟ್ಟರೂ ನಡೆಯುತ್ತದೆ: ಪುಸ್ತಕ ಓದಿದೆ, ನೀರು ಕುಡಿದೆ. ಮನುಷ್ಯರ ವಿಷಯದಲ್ಲಿ ಈ ಸಲಿಗೆ ಇಲ್ಲ. ‘ನಾನು ಹುಡುಗ ನೋಡಿದೆ’ ಕನ್ನಡವಲ್ಲ, ‘ಹುಡುಗನನ್ನು’ ಎನ್ನಲೇಬೇಕು.

ಮೂರನೆಯ ಹಂತವೇ ಮುಖ್ಯವಾದದ್ದು, ಹೆಚ್ಚಿನವರು ಬಿಟ್ಟುಬಿಡುವುದೂ ಅದನ್ನೇ: ವಾಕ್ಯದಲ್ಲಿ ಧಾತುಗಳು ಒಟ್ಟು ಎಷ್ಟಿವೆ ಎಂದು ಎಣಿಸಿ. ಇಲ್ಲಿ ನಾಲ್ಕು: ನೆನೆದು, ಬಂದ, ಕೂರಿಸಿ, ಕೊಟ್ಟಳು. ಕೊನೆಯದೊಂದೇ ಪೂರ್ಣ ಕ್ರಿಯೆ, ಉಳಿದ ಮೂರೂ ಅಪೂರ್ಣ. ಆದರೆ ಅಪೂರ್ಣ ಕ್ರಿಯೆಗೂ ತನ್ನದೇ ಕರ್ತೃ ಬೇಕು, ಸಕರ್ಮಕವಾದರೆ ಕರ್ಮವೂ ಬೇಕು. ಹೀಗೆ ಒಂದೊಂದನ್ನೇ ಕೇಳಿ. ನೆನೆದವನು ಹುಡುಗ. ಬಂದವನೂ ಹುಡುಗ. ಕೂರಿಸಿದವಳು ಅಜ್ಜಿ. ಯಾರನ್ನು ಕೂರಿಸಿದಳು? ಇಲ್ಲಿ ವಾಕ್ಯ ತಡವರಿಸುತ್ತದೆ. ‘ಕೂರಿಸು’ ಬಯಸುವುದು ‘ಹುಡುಗನನ್ನು’, ವಾಕ್ಯದಲ್ಲಿರುವುದು ‘ಹುಡುಗನಿಗೆ’. ದೂರದಲ್ಲಿರುವ ‘ಕೊಟ್ಟಳು’ ತನ್ನ ಚತುರ್ಥಿಯನ್ನು (‘ಇಗೆ’ ಹತ್ತಿದ ರೂಪವನ್ನು) ಹಿಡಿದುಕೊಂಡಿತು, ಹತ್ತಿರದ ‘ಕೂರಿಸಿ’ ಬರಿಗೈಯಲ್ಲಿ ನಿಂತಿತು. ನಿಮಗೆ ಎಲ್ಲೋ ಎಡವಿದಂತೆ ಅನ್ನಿಸಿದ್ದು ಇಲ್ಲೇ.

ಒಂದು ನಾಮಪದವನ್ನು ಎರಡು ಕ್ರಿಯೆಗಳು ಹಂಚಿಕೊಂಡಾಗ, ಎರಡೂ ಬೇರೆ ಬೇರೆ ವಿಭಕ್ತಿ ಬಯಸಿದರೆ, ಮೊದಲು ಬರುವ ಕ್ರಿಯೆ ಬಯಸುವ ವಿಭಕ್ತಿ ಕೊಡಿ. ಎರಡನೆಯದರದ್ದು ಓದುಗರಿಗೆ ತಾನಾಗಿ ಹೊಳೆಯುತ್ತದೆ. ‘ಮಳೆಯಲ್ಲಿ ನೆನೆದು ಬಂದ ಹುಡುಗನನ್ನು ಒಲೆಯ ಮುಂದೆ ಕೂರಿಸಿ ಅಜ್ಜಿ ಬಿಸಿ ಹಾಲು ಕೊಟ್ಟಳು.’ ಇಲ್ಲಿ ‘ಅವನಿಗೆ’ ಎಂದು ಸೇರಿಸುವ ಅಗತ್ಯವೂ ಬೀಳುವುದಿಲ್ಲ. ‘ನಿನ್ನೆ ಸಂಜೆ’ಯನ್ನು ಬೇಕೆಂದೇ ಬಿಟ್ಟಿದ್ದೇನೆ. ನೆನೆದು ಬಂದದ್ದು ನಿನ್ನೆ ಸಂಜೆಯೋ, ಹಾಲು ಕೊಟ್ಟದ್ದೋ? ಎರಡೂ ಒಂದೇ ಹೊತ್ತಿನಲ್ಲಿ ನಡೆದಿದ್ದರೆ ಮೊದಲಲ್ಲೇ ಇರಲಿ, ತೊಂದರೆಯಿಲ್ಲ. ಬಂದದ್ದು ನಿನ್ನೆ, ಹಾಲು ಕೊಟ್ಟದ್ದು ಇವತ್ತು ಬೆಳಗ್ಗೆ ಆಗಿದ್ದರೆ ಆ ‘ಬೆಳಗ್ಗೆ’ಯನ್ನು ‘ಕೊಟ್ಟಳು’ ಪಕ್ಕಕ್ಕೆ ತರಬೇಕು.

‘ಓದಿದ’, ‘ಓದಿ’, ‘ಓದುವುದು’

ಧಾತುವಿಗೆ ಕೃತ್ ಪ್ರತ್ಯಯ ಹತ್ತಿ ಆದ ಪದಗಳೇ ಕೃದಂತಗಳು. ಇವು ಅರ್ಧ ಕ್ರಿಯೆ, ಅರ್ಧ ಇನ್ನೊಂದು. ‘ಓದಿದ’, ‘ಓದುವ’, ‘ಓದದ’ ಮುಂದಿನ ನಾಮಪದಕ್ಕೆ ವಿಶೇಷಣವಾಗಿ ನಿಲ್ಲುತ್ತವೆ. ‘ಓದಿ’, ‘ಓದುತ್ತ’, ‘ಓದದೆ’, ‘ಓದಲು’, ‘ಓದಿದರೆ’ ಮುಂದಿನ ಕ್ರಿಯೆಗೆ ಜೋತು ಬೀಳುತ್ತವೆ; ಇವು ಕೃದಂತಾವ್ಯಯ. ‘ಓದುವಿಕೆ’, ‘ಓದುವುದು’ ಪೂರಾ ನಾಮದಂತೆ ನಡೆದುಕೊಂಡು ವಿಭಕ್ತಿ ಹತ್ತಿಸಿಕೊಳ್ಳುತ್ತವೆ: ಓದುವುದನ್ನು ಬಿಟ್ಟ, ಓದುವುದಕ್ಕೆ ಕೂತ. (ಸೂಚನಾ ಫಲಕಗಳಲ್ಲಿ ‘ಸರದಿಯಲ್ಲಿ ಬರುವುದು’ ಎಂದು ಅಪ್ಪಣೆಯ ಧಾಟಿಯಲ್ಲಿ ಕಾಣಿಸುವುದೂ ಇದೇ ರೂಪ.)

ಆದರೆ ‘ಬಂದ’ ಎಂಬ ರೂಪ ಎರಡು ಕೆಲಸಕ್ಕೆ ಬರುತ್ತದೆ. ‘ಅವನು ಬಂದ’ ಎಂಬಲ್ಲಿ ಅದು ‘ಬಂದನು’ ಎಂಬುದರ ಮೊಟಕು ರೂಪ, ಪೂರ್ಣ ಕ್ರಿಯಾಪದ. ‘ಬಂದ ಹುಡುಗ’ ಎಂಬಲ್ಲಿ ಕೃದಂತ. ಅನುಮಾನ ಬಂದರೆ ಹುಡುಗನ ಜಾಗದಲ್ಲಿ ಹುಡುಗಿಯನ್ನು ತಂದು ನೋಡಿ. ‘ಅವಳು ಬಂದಳು’: ರೂಪ ಬದಲಾಯಿತು, ಹಾಗಾದರೆ ಕ್ರಿಯಾಪದ. ‘ಬಂದ ಹುಡುಗಿ’: ಬದಲಾಗಲಿಲ್ಲ, ಹಾಗಾದರೆ ಕೃದಂತ. ಪರೀಕ್ಷೆಯ ಕೊಠಡಿಯಲ್ಲಿ ಹತ್ತು ಸೆಕೆಂಡಿನ ಕೆಲಸ.

ವಿಶೇಷಣವಾಗಿ ನಿಲ್ಲುವ ಕೃದಂತ ಕನ್ನಡದ ದೊಡ್ಡ ಅನುಕೂಲ. ‘ಯಾವ ಪುಸ್ತಕವನ್ನು ನಾನು ಓದಿದೆನೋ ಆ ಪುಸ್ತಕ’ ಎಂದು ಸುತ್ತಿ ಬಳಸಬೇಕಿಲ್ಲ, ‘ನಾನು ಓದಿದ ಪುಸ್ತಕ’ ಸಾಕು. ಆದರೆ ಈ ಅನುಕೂಲಕ್ಕೆ ಒಂದು ಬೆಲೆ ಇದೆ. ಕೃದಂತದ ಮುಂದೆ ಬರುವ ನಾಮಪದ ಆ ಕ್ರಿಯೆಯೊಂದಿಗೆ ತನಗಿದ್ದ ವಿಭಕ್ತಿಯನ್ನು ಕಳೆದುಕೊಳ್ಳುತ್ತದೆ. ‘ನಾನು ಬರೆದ ಪತ್ರ’ ಎಂದರೆ ಪತ್ರವನ್ನು ಬರೆದೆ. ‘ನಾನು ಬರೆದ ಪೆನ್ನು’ ಎಂದರೆ ಪೆನ್ನಿನಿಂದ ಬರೆದೆ. ‘ನಾನು ಊಟ ಮಾಡಿದ ತಟ್ಟೆ’ ಎಂದರೆ ತಟ್ಟೆಯಲ್ಲಿ. ಮೂರು ಕಡೆಯೂ ಅಳಿಸಿಹೋದ ಪ್ರತ್ಯಯವನ್ನು ಓದುಗರೇ ಊಹಿಸಿಕೊಳ್ಳುತ್ತಾರೆ. ಲೋಕಜ್ಞಾನ ಕೈಹಿಡಿಯುವವರೆಗೆ ಊಹೆ ಸಲೀಸು. ‘ಹುಲಿ ಕೊಂದ ಬೇಟೆಗಾರ’ ಎಂದಾಗ ಅದು ಕೈಬಿಡುತ್ತದೆ: ಸತ್ತದ್ದು ಹುಲಿಯೋ ಬೇಟೆಗಾರನೋ? ‘ಹುಲಿಯನ್ನು ಕೊಂದ’ ಅಥವಾ ‘ಹುಲಿಯು ಕೊಂದ’ ಎಂದು ಪ್ರತ್ಯಯ ಹತ್ತಿಸಿದರೆ ಮುಗಿಯಿತು. ನಿರ್ಜೀವ ಕರ್ಮಕ್ಕೆ ‘ಅನ್ನು’ ಬಿಡಬಹುದು ಎಂದು ಮೇಲೆ ಹೇಳಿದೆನಲ್ಲ, ಪ್ರಾಣಿಗಳ ವಿಷಯದಲ್ಲಿ ಆ ಸಲಿಗೆ ಬಳಸುವ ಮುನ್ನ ಈ ಹುಲಿಯನ್ನು ನೆನೆಸಿಕೊಳ್ಳಿ.

ಕೃದಂತಾವ್ಯಯಕ್ಕೆ ಇರುವ ನಿಯಮ ಇನ್ನೂ ಬಿಗಿ. ‘ಓದಿ’, ‘ಓದುತ್ತ’, ‘ಓದದೆ’ ರೂಪಗಳ ಕರ್ತೃವೂ ಮುಖ್ಯ ಕ್ರಿಯೆಯ ಕರ್ತೃವೂ ಒಂದೇ ಆಗಿರಬೇಕು. ‘ಬಸ್ಸಿನಿಂದ ಇಳಿದು ಚೀಲ ಕಾಣಿಸಲಿಲ್ಲ’ ಎಂದು ಬರೆದರೆ ಇಳಿದದ್ದೂ ಚೀಲವೇ ಆಗುತ್ತದೆ. ‘ಇಳಿದಾಗ’, ‘ಇಳಿದ ಮೇಲೆ’, ‘ಇಳಿದರೆ’ ರೂಪಗಳಿಗೆ ಈ ಕಟ್ಟು ಇಲ್ಲ, ಎರಡು ಕಡೆ ಎರಡು ಕರ್ತೃ ಇರಬಹುದು. ಆದ್ದರಿಂದ ‘ಇಳಿದ ಮೇಲೆ ಚೀಲ ಕಾಣಿಸಲಿಲ್ಲ’ ಸರಿ. ಇದಕ್ಕೆ ಎರಡು ವಿನಾಯಿತಿಗಳಿವೆ. ಮೊದಲ ಕ್ರಿಯೆ ಎರಡನೆಯದಕ್ಕೆ ನೇರ ಕಾರಣವಾಗಿದ್ದರೆ ಕರ್ತೃ ಬೇರೆಯಾದರೂ ಕಿವಿ ಒಪ್ಪುತ್ತದೆ: ‘ಮಳೆ ಬಂದು ಕೆರೆ ತುಂಬಿತು.’ ಅನುಭವ ಹೇಳುವ ವಾಕ್ಯಗಳಲ್ಲಿ ಅನುಭವಿಸುವವರು ಚತುರ್ಥಿಯಲ್ಲಿದ್ದರೂ ನಡೆಯುತ್ತದೆ: ‘ಅದನ್ನು ಕೇಳಿ ನನಗೆ ಸಂತೋಷವಾಯಿತು.’

ನಿಷೇಧ ಬಂದಾಗ ಇದೇ ಕೊಂಡಿ ಇನ್ನೊಂದು ರೀತಿಯಲ್ಲಿ ಕಾಡುತ್ತದೆ. ‘ಅವನು ಹೇಳಿ ಹೋಗಲಿಲ್ಲ’ ಎಂದರೆ ಹೇಳಿದ, ಆದರೆ ಹೋಗಲಿಲ್ಲವೋ? ಹೋದ, ಹೇಳಲಿಲ್ಲವೋ? ಮಾತಿನಲ್ಲಿ ‘ಹೇಳಿ’ಗೆ ಒತ್ತು ಕೊಟ್ಟು ದಾಟಿಸಬಹುದು, ಬರಹದಲ್ಲಿ ಒತ್ತು ಕೇಳಿಸದು. ‘ಹೇಳದೆ ಹೋದ’ ಅಥವಾ ‘ಹೇಳಿದ, ಆದರೆ ಹೋಗಲಿಲ್ಲ’ ಎಂದು ಬಿಡಿಸಿ ಬರೆಯಿರಿ.

‘ಚೆನ್ನಾಗಿ’ ಮತ್ತು ಅದರ ನೆಂಟರು

ಗುಣವಾಚಕ ನಾಮಪದದ ಮುಂದೆ ಕೂತಾಗ ಲಿಂಗ ವಚನಕ್ಕೆ ಬಗ್ಗುವುದಿಲ್ಲ: ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿಯರು, ಒಳ್ಳೆಯ ಮರಗಳು. ತಾನೊಂದೇ ನಿಲ್ಲಬೇಕಾದರೆ ಒಳ್ಳೆಯವನು, ಒಳ್ಳೆಯವಳು, ಒಳ್ಳೆಯದು ಎಂದು ರೂಪ ತಾಳಿ ಆಮೇಲೆ ವಿಭಕ್ತಿ ಹತ್ತಿಸಿಕೊಳ್ಳುತ್ತದೆ. ‘ಕೆಂಪು’, ‘ಎತ್ತರ’ದಂಥ ಪದಗಳು ಹುಟ್ಟಾ ನಾಮಗಳು. ‘ಎತ್ತರ ಎಷ್ಟು?’ ಎಂದು ಕೇಳಬಹುದು, ‘ಎತ್ತರದ ಮರ’ ಎಂದು ಷಷ್ಠಿ (‘ಅ’ ಪ್ರತ್ಯಯ) ಹತ್ತಿಸಿ ವಿಶೇಷಣ ಮಾಡಬಹುದು, ‘ಎತ್ತರವಾದ’ ಎಂದೂ ಮಾಡಬಹುದು.

‘ಆಗಿ’ ಹತ್ತಿದ್ದೆಲ್ಲ ಕ್ರಿಯಾವಿಶೇಷಣ ಎಂದು ಬಾಯಿಪಾಠ ಮಾಡಿದವರು ಇಲ್ಲಿ ಮುಗ್ಗರಿಸುತ್ತಾರೆ. ‘ಚೆನ್ನಾಗಿ ಹಾಡಿದಳು’ ಎಂಬಲ್ಲಿ ಅದು ಹಾಡಿದ ರೀತಿ ಹೇಳುತ್ತದೆ, ಕ್ರಿಯಾವಿಶೇಷಣವೇ ಸರಿ. ‘ಅಧ್ಯಕ್ಷರಾಗಿ ಆಯ್ಕೆಯಾದರು’ ಎಂಬಲ್ಲಿ ರೀತಿಯಿಲ್ಲ, ಸ್ಥಾನವಿದೆ. ‘ಕೋಣೆ ಚೊಕ್ಕಟವಾಗಿದೆ’ ಎಂಬಲ್ಲಿ ಆಗಿ, ಇದೆ ಎರಡೂ ಬೆಸೆದು ಕೋಣೆಯ ಬಗ್ಗೆ ಹೇಳುವ ವಿಧೇಯವಾಗಿವೆ. ‘ಹೇಗೆ?’ ಎಂಬ ಪ್ರಶ್ನೆಗೆ ಉತ್ತರ ಬಂದರೆ ರೀತಿ, ‘ಏನಾಗಿ?’ ಎಂಬುದಕ್ಕೆ ಬಂದರೆ ಸ್ಥಾನ.

ಈ ‘ಆಗಿದೆ’ಯ ದುರ್ಬಳಕೆ ಬಗ್ಗೆ ಒಂದು ಮಾತು ಹೇಳಲೇಬೇಕು. ‘ಅವರು ವೈದ್ಯರು’ ಎಂಬುದು ಪೂರ್ಣ ವಾಕ್ಯ. ಕ್ರಿಯಾಪದ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಇಂಗ್ಲಿಷಿನಿಂದ ಅನುವಾದ ಮಾಡುವವರ ಕೈಯಲ್ಲಿ ಇದು ‘ಅವರು ಒಬ್ಬ ವೈದ್ಯರಾಗಿದ್ದಾರೆ’ ಎಂದಾಗುತ್ತದೆ. ವ್ಯಾಕರಣದ ಪ್ರಕಾರ ತಪ್ಪು ಎನ್ನಲಾಗದು, ಆದರೆ ಮನೆಯಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. ಮೊದಲು ಬೇರೇನೋ ಆಗಿದ್ದವರು ಈಗ ವೈದ್ಯರಾದರು ಎಂದು ಹೇಳುವಾಗ ಮಾತ್ರ ‘ಆಗಿದ್ದಾರೆ’ಗೆ ನಿಜವಾದ ಕೆಲಸವಿದೆ. ಇಂಥ ವಾಕ್ಯಗಳ ನಿಷೇಧಕ್ಕೆ ‘ಅಲ್ಲ’ ಬರುತ್ತದೆ: ಅವರು ವೈದ್ಯರಲ್ಲ. ಇರುವಿಕೆಯ ನಿಷೇಧಕ್ಕೂ ಕ್ರಿಯೆಯ ನಿಷೇಧಕ್ಕೂ ‘ಇಲ್ಲ’: ವೈದ್ಯರಿಲ್ಲ, ಬರಲಿಲ್ಲ, ಬರುವುದಿಲ್ಲ. ‘ವೈದ್ಯರಲ್ಲ’ ಮತ್ತು ‘ವೈದ್ಯರಿಲ್ಲ’ ನಡುವೆ ಎಷ್ಟು ಅಂತರವಿದೆ ಎಂದು ರೋಗಿಯನ್ನು ಕೇಳಬೇಕು.

‘ಮೇಲೆ’ ಪದದ ತಕರಾರು

ಈ ಪದ ಮೂರು ಕಡೆ ಮೂರು ಕೆಲಸ ಮಾಡುತ್ತದೆ. ‘ಮೇಲೆ ಬಾ’ ಎಂದಾಗ ನೇರವಾಗಿ ಕ್ರಿಯೆಗೆ ಕೊಂಡಿ. ‘ಮೇಜಿನ ಮೇಲೆ’ ಎಂದಾಗ ಹಿಂದೆ ಷಷ್ಠೀ ವಿಭಕ್ತಿಯ ಪದವನ್ನು ಬಯಸುತ್ತದೆ. ‘ಬಂದ ಮೇಲೆ’ ಎಂದಾಗ ಹಿಂದೆ ಕೃದಂತ, ಅರ್ಥ ಕಾಲ. ಜೊತೆಗೆ ‘ಮೇಲಿನ ಮನೆ’, ‘ಮೇಲಿಂದ ಬಿದ್ದ’ ಎಂದು ವಿಭಕ್ತಿಯನ್ನೂ ಹತ್ತಿಸಿಕೊಳ್ಳುತ್ತದೆ. ಹಾಗಾದರೆ ಇದು ಅವ್ಯಯವೋ ನಾಮವೋ? ಕೆಳಗೆ, ಒಳಗೆ, ಹಿಂದೆ, ಮುಂದೆ ಎಲ್ಲದರದ್ದೂ ಇದೇ ಕಥೆ. ನಿನ್ನೆ, ನಾಳೆಗಳೂ ‘ನಿನ್ನೆಯ’, ‘ನಾಳೆಗೆ’ ಎಂದು ಬಗ್ಗುತ್ತವೆ. ಇವು ಜಾಗ ಮತ್ತು ಹೊತ್ತನ್ನು ಹೇಳುವ ನಾಮಗಳಾಗಿದ್ದು, ಕೆಲವು ರೂಪಗಳಲ್ಲಿ ಹೆಪ್ಪುಗಟ್ಟಿ ಅವ್ಯಯದಂತೆ ಬಳಕೆಯಾಗುತ್ತಿವೆ ಎಂದು ತಿಳಿದರೆ ಸಾಕು. ಪರೀಕ್ಷೆಯಲ್ಲಿ ಕೇಳಿದರೆ ಕೊಟ್ಟ ವಾಕ್ಯದ ರೂಪ ನೋಡಿ ಬರೆಯಿರಿ: ‘ಮೇಲೆ ಬಾ’ ಅವ್ಯಯ, ‘ಮೇಲಿನ’ ವಿಭಕ್ತಿ ಹತ್ತಿದ ನಾಮ.

‘ಬೇಕು’ ಪದಕ್ಕೆ ಇಷ್ಟು ತಕರಾರಿಲ್ಲ. ಬೇಕು, ಬೇಡ, ಸಾಕು, ಉಂಟು, ಇಲ್ಲ, ಅಲ್ಲ ಇವು ಕ್ರಿಯೆಯ ಜಾಗದಲ್ಲಿ ಕೂರುತ್ತವೆ, ಆದರೆ ಪುರುಷ ಲಿಂಗ ವಚನಕ್ಕೆ ಬದಲಾಗುವುದಿಲ್ಲ. ಆದ್ದರಿಂದ ಕ್ರಿಯಾರ್ಥಕಾವ್ಯಯ ಎಂಬ ಹೆಸರು.

ಚತುರ್ಥಿಯಲ್ಲಿ ಕೂತ ‘ನಾನು’

‘ನನಗೆ ನಾಲ್ಕು ಭಾಷೆಗಳು ಬರುತ್ತವೆ.’ ಕರ್ತೃ ಯಾರು? ಅರ್ಥ ನೋಡಿದರೆ ನಾನು. ಕ್ರಿಯಾಪದವನ್ನು ಕೇಳಿದರೆ ‘ಅವೆ’ ಎಂಬ ಬಾಲ ‘ಭಾಷೆಗಳು’ ಎನ್ನುತ್ತದೆ. ‘ನನಗೆ’ ತೆಗೆದು ‘ಅವಳಿಗೆ’, ‘ನಿಮಗೆ’ ಇಟ್ಟರೂ ಕ್ರಿಯಾಪದ ಮಿಸುಕುವುದಿಲ್ಲ. ‘ನಾಲ್ಕು ಭಾಷೆಗಳು’ ತೆಗೆದು ‘ಕನ್ನಡ’ ಇಟ್ಟರೆ ‘ಬರುತ್ತದೆ’ ಆಗುತ್ತದೆ. ವ್ಯಾಕರಣದ ಕರ್ತೃ ಭಾಷೆಗಳೇ. ಆದರೂ ಈ ಚತುರ್ಥಿಗೆ ಕರ್ತೃವಿನ ಕೆಲವು ಗತ್ತುಗಳಿವೆ. ‘ತಾನು’ ಎಂಬ ಸರ್ವನಾಮ ಸಾಮಾನ್ಯವಾಗಿ ಕರ್ತೃವನ್ನೇ ಬೊಟ್ಟು ಮಾಡುತ್ತದೆ: ‘ಸುರೇಶ ರಮೇಶನಿಗೆ ತನ್ನ ಪುಸ್ತಕ ಕೊಟ್ಟ’ ಎಂದರೆ ಪುಸ್ತಕ ಸುರೇಶನದು. (‘ಅವನ ಪುಸ್ತಕ’ ಎಂದರೆ ರಮೇಶನದೋ ಮೂರನೆಯವನದೋ ಆಗಬಹುದು, ಬರೆಯುವಾಗ ಈ ವ್ಯತ್ಯಾಸ ಉಳಿಸಿಕೊಳ್ಳಿ.) ಈಗ ‘ಅವಳಿಗೆ ತನ್ನ ಊರು ನೆನಪಾಯಿತು’ ನೋಡಿ. ‘ತನ್ನ’ ಬೊಟ್ಟು ಮಾಡಿದ್ದು ‘ಅವಳಿಗೆ’ ಎಂಬುದನ್ನು. ಹಸಿವು, ಇಷ್ಟ, ನೆನಪು, ಭಯ, ಕೋಪದಂಥ ಅನುಭವಗಳು ಕನ್ನಡದಲ್ಲಿ ನಾವು ಮಾಡುವ ಕೆಲಸಗಳಾಗಿ ಬರುವುದಕ್ಕಿಂತ ಹೆಚ್ಚಾಗಿ ನಮಗೆ ಆಗುವ ಸಂಗತಿಗಳಾಗಿ ಬರುತ್ತವೆ. ಶಾಲೆಯ ಉತ್ತರಕ್ಕೆ ‘ಕರ್ತೃ: ಊರು, ಅವಳಿಗೆ: ಚತುರ್ಥೀ’ ಎಂದು ಬರೆದರೆ ಸಾಕು.

ವಿಭಕ್ತಿಯ ಹೆಸರು ಬೇರೆ, ಅದು ಮಾಡುವ ಕೆಲಸ ಬೇರೆ ಎಂಬುದಕ್ಕೆ ‘ಇಂದ’ ಇನ್ನೊಂದು ಸಾಕ್ಷಿ. ‘ಕೊಡಲಿಯಿಂದ ಕಡಿದ’ ಎಂಬಲ್ಲಿ ಅದು ಸಾಧನ, ‘ಮರದಿಂದ ಬಿದ್ದ’ ಎಂಬಲ್ಲಿ ಅಗಲಿದ ಜಾಗ. ಶಾಲೆಯ ವಿಭಕ್ತಿ ಪಟ್ಟಿಯಲ್ಲಿ ತೃತೀಯೆಗೆ ‘ಇಂದ’, ಪಂಚಮಿಗೆ ‘ದೆಸೆಯಿಂದ’ ಎಂದಿದ್ದರೂ ಇಂದಿನ ಮಾತಿನಲ್ಲಿ ಎರಡು ಕಡೆಯೂ ‘ಇಂದ’ವೇ.

ಹೊಂದಾಣಿಕೆ ತಪ್ಪುವ ಜಾಗಗಳು

ಬರಹದಲ್ಲಿ ಅತಿ ಹೆಚ್ಚು ಕಾಣುವ ತಪ್ಪು ನಪುಂಸಕ ಬಹುವಚನದ್ದು: ‘ಪುಸ್ತಕಗಳು ಇದೆ’, ‘ಸಮಸ್ಯೆಗಳು ಉಂಟಾಗುತ್ತದೆ’. ಮಾತಿನಲ್ಲಿ ಇದು ಎಲ್ಲರ ಬಾಯಲ್ಲೂ ಬರುತ್ತದೆ. ಬರಹಕ್ಕೆ ‘ಇವೆ’, ‘ಉಂಟಾಗುತ್ತವೆ’ ಬೇಕು. ಇದರ ತಿರುವುಮುರುವೂ ಉಂಟು: ‘ಮೇಲಿನ ಮಹಡಿಯಲ್ಲಿ ಇಟ್ಟಿದ್ದ ಹಳೆಯ ಪುಸ್ತಕಗಳ ಪಟ್ಟಿ ಕಳೆದುಹೋಗಿವೆ.’ ಕಳೆದದ್ದು ಪಟ್ಟಿ, ಅದು ಒಂದೇ. ‘ಪುಸ್ತಕಗಳ’ ಎಂಬ ಬಹುವಚನ ಕ್ರಿಯಾಪದದ ಹತ್ತಿರ ಕೂತು ದಾರಿ ತಪ್ಪಿಸಿತು. ಷಷ್ಠೀ ವಿಭಕ್ತಿಯಲ್ಲಿರುವ ಪದ ಎಂದೂ ಕರ್ತೃವಿನ ಪ್ರಧಾನ ಪದ ಆಗದು. ಅದನ್ನು ಬೆರಳಿನಿಂದ ಮುಚ್ಚಿ ಓದಿ.

ಲಿಂಗದಲ್ಲಿ ಕೆಲವು ಪದಗಳು ಹಟಮಾರಿಗಳು. ‘ಮಗು ಮಲಗಿದೆ’ ನಪುಂಸಕ, ‘ಮಕ್ಕಳು ಮಲಗಿದ್ದಾರೆ’ ಎಂದು ಬಹುವಚನದಲ್ಲಿ ಮನುಷ್ಯರ ಸಾಲಿಗೆ ಬರುತ್ತದೆ. ‘ಜನ’ ರೂಪದಲ್ಲಿ ಏಕವಚನ, ಆದರೆ ‘ಜನ ಸೇರಿದ್ದಾರೆ’. ‘ದೇವರು’ ಎಂಬುದರಲ್ಲಿ ‘ರು’ ಇದ್ದರೂ ‘ದೇವರು ಕಾಪಾಡುತ್ತಾನೆ’ ಎನ್ನುತ್ತೇವೆ. ಸೂರ್ಯ ಹುಟ್ಟಿದನು ಎಂದರೂ ಸರಿ, ಹುಟ್ಟಿತು ಎಂದರೂ ಸರಿ. ಇಂಥವನ್ನು ಪುನ್ನಪುಂಸಕ ಎಂದು ಕರೆಯುತ್ತಾರೆ. ಸಂಖ್ಯೆಯಲ್ಲೂ ಮನುಷ್ಯರಿಗೆ ಬೇರೆ ಲೆಕ್ಕ: ಮೂವರು ಹುಡುಗರು, ಮೂರು ಮರಗಳು. ‘ಮೂರು ಜನ ಹುಡುಗರು’ ನಡೆಯುತ್ತದೆ, ‘ಮೂರು ಹುಡುಗರು’ ಕಿವಿಗೆ ಒರಟು. ಒಂದೇ ವಾಕ್ಯದಲ್ಲಿ ವ್ಯಾಕರಣದ ಬೇರೆ ಬೇರೆ ಪುರುಷಗಳು ಬೆರೆತರೆ ಉತ್ತಮ ಪುರುಷಕ್ಕೆ (ನಾನು, ನಾವು) ಮೇಲುಗೈ: ನೀನೂ ನಾನೂ ಹೋದೆವು. ಅದಿಲ್ಲದಿದ್ದರೆ ಮಧ್ಯಮಕ್ಕೆ (ನೀನು, ನೀವು): ನೀನೂ ಅವನೂ ಹೋದಿರಿ. ‘ಹುಡುಗನೂ ನಾಯಿಯೂ’ ಬಂದರೋ ಬಂದವೋ ಎಂದು ತಲೆ ಕೆಡಿಸಿಕೊಳ್ಳುವ ಬದಲು ‘ಹುಡುಗ ನಾಯಿಯೊಂದಿಗೆ ಬಂದ’ ಎಂದು ಬರೆದು ಪಾರಾಗಿ.

ಪದಗಳು ಜಾಗ ಬದಲಿಸಬಲ್ಲವು ಎಂದೆ. ವಿಶೇಷಣಗಳಿಗೆ ಆ ಸ್ವಾತಂತ್ರ್ಯವಿಲ್ಲ. ‘ಹೊಸ ಶಾಲೆಯ ಶಿಕ್ಷಕ’ ಎಂದರೆ ಹೊಸದು ಶಾಲೆಯೋ ಶಿಕ್ಷಕನೋ? ಶಿಕ್ಷಕ ಹೊಸಬನಾದರೆ ‘ಶಾಲೆಯ ಹೊಸ ಶಿಕ್ಷಕ’ ಎನ್ನಿ. ವಾಕ್ಯ ಅರ್ಥವಾಗಲು ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಮೂರೂ ಬೇಕೆಂದು ನಮ್ಮ ಶಾಸ್ತ್ರಕಾರರು ಹೇಳಿದ್ದಾರೆ. ಒಂದು ಪದ ಇನ್ನೊಂದನ್ನು ಬಯಸುವುದು ಆಕಾಂಕ್ಷೆ, ಎರಡರ ಅರ್ಥ ಹೊಂದುವುದು ಯೋಗ್ಯತೆ, ಹೊಂದಬೇಕಾದವು ಹತ್ತಿರ ಇರುವುದು ಸನ್ನಿಧಿ. ನಿಮ್ಮ ಅಜ್ಜಿಯ ವಾಕ್ಯದಲ್ಲಿ ಕೈಕೊಟ್ಟದ್ದು ಆಕಾಂಕ್ಷೆ, ಈ ಶಿಕ್ಷಕನ ವಾಕ್ಯದಲ್ಲಿ ಸನ್ನಿಧಿ.

ಇನ್ನು ನಿಮ್ಮ ಎರಡನೆಯ ವಾಕ್ಯ

ಇದರಲ್ಲಿ ಎರಡು ಕರ್ಮಣಿ ರಚನೆಗಳು (ಮಾಡಿದವರನ್ನು ಹಿಂದಿಟ್ಟು ಕರ್ಮವನ್ನು ಮುಂದಿಡುವ ರಚನೆಗಳು) ಡಿಕ್ಕಿ ಹೊಡೆದಿವೆ. ‘ಅಲ್ಪಡು’ ಹತ್ತಿದರೆ ಕರ್ಮ ಪ್ರಥಮಾ ವಿಭಕ್ತಿಗೆ ಏರಿ ಕ್ರಿಯಾಪದ ಅದಕ್ಕೆ ಹೊಂದಬೇಕು: ಅರ್ಜಿಗಳು ಕಳುಹಿಸಲ್ಪಟ್ಟವು. ‘ಅಲಾಗು’ ಬಳಸಿದರೆ ಕರ್ಮ ದ್ವಿತೀಯೆಯಲ್ಲೇ ಉಳಿಯಬಹುದು, ಕ್ರಿಯಾಪದ ಆಗ ಯಾವಾಗಲೂ ನಪುಂಸಕ ಏಕವಚನ: ಅರ್ಜಿಗಳನ್ನು ಕಳುಹಿಸಲಾಯಿತು. ನೀವು ‘ಅರ್ಜಿಗಳನ್ನು’ ಎಂದು ಎರಡನೆಯದರಲ್ಲಿ ಹೊರಟು ‘ಕಳುಹಿಸಲ್ಪಟ್ಟಿದ್ದು’ ಎಂದು ಮೊದಲನೆಯದರಲ್ಲಿ ಇಳಿದಿದ್ದೀರಿ. ‘ಅರ್ಜಿಗಳನ್ನು ಕಳುಹಿಸಲಾದವು’ ಎಂದು ಬರೆಯುವುದೂ ಇದೇ ತಪ್ಪಿನ ಇನ್ನೊಂದು ಮುಖ.

ಎರಡನೆಯ ತೊಂದರೆ ‘ಇದ್ದು’. ಸುದ್ದಿ ಮತ್ತು ಕಚೇರಿ ಬರಹದಲ್ಲಿ ‘ಮಾಡಿದ್ದು, ಆಗಿದ್ದು, ನಡೆದಿದ್ದು’ ಎಂದು ವಾಕ್ಯ ಮುಗಿಸದೆ ಪೋಣಿಸುವ ಚಾಳಿ ಬೇರೂರಿದೆ. ಕೃದಂತಾವ್ಯಯದ ನಿಯಮ ಇಲ್ಲೂ ಅನ್ವಯಿಸುತ್ತದೆ: ಅದರ ಕರ್ತೃವೇ ಮುಂದಿನ ಕ್ರಿಯೆಯ ಕರ್ತೃವಾಗಬೇಕು. ಕಳುಹಿಸಿದ್ದು ಸಮಿತಿ, ಸಲ್ಲಿಸಬೇಕಾದವರು ಅರ್ಜಿದಾರರು. ಅರ್ಜಿದಾರರು ನಿಮ್ಮ ವಾಕ್ಯದಲ್ಲಿ ಎಲ್ಲೂ ಇಲ್ಲ, ಓದುವವರಿಗೆ ಬೇಕಾಗಿದ್ದ ವಿಷಯವೇ ಅದು. ‘ಅದನ್ನು’ ಎಂಬ ಏಕವಚನ ‘ಅರ್ಜಿಗಳು’ ಎಂಬುದಕ್ಕೆ ಹೊಂದುವುದಿಲ್ಲ, ‘ಅವುಗಳನ್ನು’ ಆಗಬೇಕು. ‘ಸಲ್ಲಿಸಬೇಕಾಗಿರುತ್ತದೆ’ ಎಂಬುದರಲ್ಲಿ ‘ಆಗಿರುತ್ತದೆ’ ಬರೀ ಬಾಲಂಗೋಚಿ, ‘ಬೇಕು’ ಒಂದೇ ಎಲ್ಲ ಕೆಲಸ ಮಾಡುತ್ತದೆ.

‘ಸಮಿತಿಯು ಅರ್ಜಿಗಳನ್ನು ಪರಿಶೀಲಿಸಿ ವಾಪಸು ಕಳುಹಿಸಿದೆ. ಅರ್ಜಿದಾರರು ಅವುಗಳನ್ನು ಸರಿಪಡಿಸಿ ಮತ್ತೆ ಸಲ್ಲಿಸಬೇಕು.’ ಮಾಡಿದವರು ಯಾರೆಂದು ಗೊತ್ತಿದ್ದಾಗ ಕರ್ತರಿ ಪ್ರಯೋಗವೇ ಹಗುರ. ಯಾರು ವಾಪಸು ಕಳುಹಿಸಿದರು ಎಂದು ಹೇಳುವ ಅಗತ್ಯ ಇಲ್ಲದಿದ್ದರೆ ಮೊದಲ ವಾಕ್ಯವನ್ನು ‘ಅರ್ಜಿಗಳನ್ನು ಪರಿಶೀಲಿಸಿ ವಾಪಸು ಕಳುಹಿಸಲಾಗಿದೆ’ ಎಂದು ಮಾಡಿಕೊಳ್ಳಿ. ಎರಡನೆಯದರಲ್ಲಿ ‘ಅರ್ಜಿದಾರರು’ ಇರಲೇಬೇಕು.